ಮೂತ್ರಪಿಂಡದ ಕಾಯಿಲೆ, ಊಟದ ನಾರು ಮತ್ತು ಕರುಳಿನ ಸೂಕ್ಷ್ಮಾಣುಗಳು

(ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಭಾಗದ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ಕೋರಮಂಡಲ್‌ನಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಪಾಠ ಹೇಳುವವನು ಮೂತ್ರಪಿಂಡದ ವಿಷಯವನ್ನು ಏಕೆ ಎತ್ತಿಕೊಂಡ ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ನಾನು ವೈದ್ಯನಲ್ಲ. ನನ್ನ ಡಾಕ್ಟರೇಟ್ ಪದವಿ ರಾಗಿ ಹೊಲದ ಮಣ್ಣಿನಲ್ಲಿ ಸಾರಜನಕದ ಗತಿ ಏನಾಗುತ್ತದೆ ಎಂಬುದನ್ನು ಅಭ್ಯಾಸ ಮಾಡಿ ಪಡೆದದ್ದು. ಆದರೆ ಗೊಬ್ಬರದ ಚೀಲದ ಮೇಲೆ ನೀವು ನೋಡುವ ಮೂರು ಅಂಶಗಳು, ಅಂದರೆ ಸಾರಜನಕ, ರಂಜಕ ಮತ್ತು ಪೊಟ್ಯಾಷ್, ಮೂತ್ರಪಿಂಡ ಕೆಟ್ಟವರ ಊಟದಲ್ಲಿ ವೈದ್ಯರು ಲೆಕ್ಕ ಹಾಕುವ ಮೂರು ಅಂಶಗಳೂ ಹೌದು. ಇವುಗಳ ಜೊತೆಗೆ ಮಣ್ಣಿಗೆ ಸಾವಯವ ವಸ್ತು ಹೇಗೆ ಬೇಕೋ ಹಾಗೆಯೇ ಕರುಳಿಗೆ ನಾರು ಬೇಕು. ಈ ಸಂಬಂಧವನ್ನು ನಾನು ಮೊದಲು ಪುಸ್ತಕದಿಂದ ತಿಳಿದುಕೊಂಡವನಲ್ಲ. ನಮ್ಮ ಮನೆಯಲ್ಲಿ, ಅದೂ ಒಂದು ತಪ್ಪು ಮಾಡಿ ತಿಳಿದುಕೊಂಡೆ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ದೊಡ್ಡಪ್ಪ ಇದೇ ಕೋರಮಂಡಲ್‌ನ ಸಾಲುಮನೆಯೊಂದರಲ್ಲಿ ಇದ್ದುಕೊಂಡು ಚಿನ್ನದ ಗಣಿಯ ಕಾರ್ಯಾಗಾರದಲ್ಲಿ ಫಿಟ್ಟರ್ ಕೆಲಸ ಮಾಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಆಚೆ ಇದ್ದ ಎರಡು ಎಕರೆ ಖುಷ್ಕಿ ಜಮೀನಿಗೆ ಹಿಂದಿರುಗಿ, ರಾಗಿ, ಅವರೆ ಬೆಳೆದುಕೊಂಡು, ಒಂದು ಸೀಮೆಹಸು ಕಟ್ಟಿಕೊಂಡು ಬಾಳಿದರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. 2019ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡಗಳ ಕೆಲಸ ಕಾಲು ಭಾಗಕ್ಕೆ ಇಳಿದಿದೆ ಎಂದು ಗೊತ್ತಾಯಿತು. ‘ಬೇಳೆ, ಸೊಪ್ಪು, ಹಣ್ಣುಗಳಲ್ಲಿ ಮಿತಿ ಇರಲಿ’ ಎಂದು ವೈದ್ಯರು ಹೇಳಿದ ಮಾತು ಮನೆಗೆ ಬರುವ ಹೊತ್ತಿಗೆ ‘ಏನನ್ನೂ ತಿನ್ನಕೂಡದು’ ಎಂದಾಯಿತು. ‘ಮುದ್ದೆ ಕಿಡ್ನಿಗೆ ಭಾರ’ ಎಂದು ನೆರೆಹೊರೆಯವರು ಸೇರಿಸಿದರು. ಹುಟ್ಟಿದಾಗಿನಿಂದ ಮುದ್ದೆ ಉಂಡ ಮನುಷ್ಯನಿಗೆ ಎರಡು ಹೊತ್ತೂ ಬಿಳಿ ಅನ್ನ, ತಿಳಿ ಸಾರು, ನಡುವೆ ಬಿಸ್ಕತ್ತು. ಎರಡೇ ತಿಂಗಳಲ್ಲಿ ಮಲಬದ್ಧತೆ ಹೆಚ್ಚಿತು, ಬಾಯಿ ರುಚಿ ಹೋಯಿತು, ಮೈ ಇಳಿಯಿತು.

ಆಗ ನಾನು ಊಟದ ನಾರಿನ ಬಗ್ಗೆ ಒಂದೆರಡು ಲೇಖನ ಓದಿದ್ದೆ. ‘ದೊಡ್ಡಮ್ಮ, ದಿನವೂ ಬಸ್ಸಾರು ಮಾಡಿ ಹಾಕಿ, ಸೊಪ್ಪು ಕೊಡಿ, ಎಳನೀರು ಕುಡಿಸಿ, ಎಲ್ಲ ಸರಿಯಾಗುತ್ತದೆ’ ಎಂದು ಹೇಳಿ ಬಂದೆ. ಹತ್ತು ದಿನಕ್ಕೆ ದೊಡ್ಡಪ್ಪನ ಕಾಲುಗಳಲ್ಲಿ ಶಕ್ತಿ ಇಲ್ಲದಂತಾಯಿತು. ಆಸ್ಪತ್ರೆಗೆ ಒಯ್ದಾಗ ರಕ್ತದಲ್ಲಿ ಪೊಟ್ಯಾಷಿಯಂ 6.7. ಅದು 5ರ ಒಳಗೆ ಇರಬೇಕಾದದ್ದು. ಇನ್ನೂ ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುವ ಅಪಾಯವಿತ್ತು. ಆ ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. ‘ನೀನು ಓದಿದವನು, ನೀನು ಹೇಳಿದ್ದಕ್ಕೆ ಮಾಡಿದೆ ಕಣಪ್ಪಾ’ ಎಂದರು, ಅಷ್ಟೆ. ನಾರು ಬೇಕೆಂಬುದು ಸರಿಯಾಗಿತ್ತು. ನಾರಿನ ಜೊತೆಯಲ್ಲೇ ಬರುವ ಪೊಟ್ಯಾಷನ್ನು ನಾನು ಮರೆತಿದ್ದೆ. ಆದುದರಿಂದ ಈ ಎರಡನ್ನೂ ಒಟ್ಟಿಗೇ ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಮೂತ್ರಪಿಂಡದ ಕೆಲಸ

ನಮ್ಮ ಎರಡು ಮೂತ್ರಪಿಂಡಗಳೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ಹಿಂದಕ್ಕೆ ಹೀರಿಕೊಂಡು, ಬೇಡವಾದದ್ದನ್ನು ಒಂದೆರಡು ಲೀಟರ್ ಮೂತ್ರವಾಗಿ ಹೊರಕ್ಕೆ ಹಾಕುತ್ತವೆ. ಬೇಳೆ, ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಸಸಾರಜನಕ ದೇಹದಲ್ಲಿ ಬಳಕೆಯಾದ ಮೇಲೆ ಉಳಿಯುವ ಸಾರಜನಕವು ಯಕೃತ್ತಿನಲ್ಲಿ ಯೂರಿಯಾ ಆಗುತ್ತದೆ. ನೀವು ಹೊಲಕ್ಕೆ ಹಾಕುವ ಯೂರಿಯಾ, ದೇಹದೊಳಗಿನ ಯೂರಿಯಾ ಎರಡೂ ಒಂದೇ ರಾಸಾಯನಿಕ. ಮೂತ್ರಪಿಂಡ ಕೆಟ್ಟಾಗ ಇದು ರಕ್ತದಲ್ಲೇ ನಿಲ್ಲುತ್ತದೆ. ಹೆಚ್ಚಿನ ರಂಜಕ ಮತ್ತು ಪೊಟ್ಯಾಷಿಯಂ ಕೂಡ ಹೊರಗೆ ಹೋಗದೆ ಉಳಿಯುತ್ತವೆ.

ಹೊರಗೆ ಹೋಗಲು ದಾರಿ ಕಾಣದ ಯೂರಿಯಾದ ಒಂದು ಪಾಲು ರಕ್ತದಿಂದ ಕರುಳಿನೊಳಕ್ಕೆ ಇಳಿಯುತ್ತದೆ. ಇಲ್ಲಿಂದ ಮುಂದೆ ನಡೆಯುವುದು ನಿಮಗೂ ನನಗೂ ಚೆನ್ನಾಗಿ ಪರಿಚಯವಿರುವ ಕೆಲಸ.

ದೊಡ್ಡ ಕರುಳು ಮತ್ತು ತಿಪ್ಪೆಗುಂಡಿ

ನಮ್ಮ ದೊಡ್ಡ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಾಣು ಜೀವಿಗಳು ವಾಸಿಸುತ್ತವೆ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದದ್ದೆಲ್ಲ ಇವುಗಳ ಆಹಾರ. ಅದರಲ್ಲಿ ಎರಡು ಬಗೆ. ಒಂದು, ನಾರು ಮತ್ತು ಜೀರ್ಣವಾಗದ ಪಿಷ್ಟ. ಇನ್ನೊಂದು, ಜೀರ್ಣವಾಗದೆ ಉಳಿದ ಸಸಾರಜನಕ ಮತ್ತು ರಕ್ತದಿಂದ ಬಂದ ಯೂರಿಯಾ. ಮೊದಲನೆಯದು ಇಂಗಾಲದ ಮೂಲ, ಎರಡನೆಯದು ಸಾರಜನಕದ ಮೂಲ.

ತಿಪ್ಪೆಗುಂಡಿಯನ್ನು ನೆನಪಿಗೆ ತಂದುಕೊಳ್ಳಿ. ಹಸಿ ಸಗಣಿ, ಗಂಜಲ, ಎಳೆ ಸೊಪ್ಪು ಇವನ್ನೇ ತುಂಬಿ, ಹುಲ್ಲು, ಕಸಕಡ್ಡಿ ಹಾಕದೆ ಬಿಟ್ಟರೆ ಗುಂಡಿಯಿಂದ ಕಣ್ಣುರಿಯುವಂಥ ಅಮೋನಿಯಾ ವಾಸನೆ ಬರುತ್ತದೆ. ಸಾರಜನಕವೆಲ್ಲ ಗಾಳಿಯ ಪಾಲು. ಅದೇ ಗುಂಡಿಗೆ ಪದರ ಪದರವಾಗಿ ರಾಗಿ ಹುಲ್ಲು, ಒಣ ಎಲೆ ಸೇರಿಸಿದರೆ ವಾಸನೆ ಅಡಗುತ್ತದೆ. ಏಕೆಂದರೆ ಸೂಕ್ಷ್ಮಾಣುಗಳಿಗೆ ಇಂಗಾಲ ಸಿಕ್ಕಿತು. ಅವು ಆ ಬಲದಿಂದ ಬೆಳೆದು, ಅಮೋನಿಯಾವನ್ನು ತಮ್ಮ ಮೈಯೊಳಕ್ಕೆ ಕಟ್ಟಿಕೊಂಡವು. ಇದನ್ನೇ ನಾವು ಇಂಗಾಲ-ಸಾರಜನಕದ ಪ್ರಮಾಣ ಎಂದು ತರಗತಿಯಲ್ಲಿ ಹೇಳುತ್ತೇವೆ.

ಕರುಳಿನಲ್ಲಿಯೂ ಇದೇ ನಿಯಮ. ನಾರು ಇಲ್ಲದಿದ್ದರೆ ಸೂಕ್ಷ್ಮಾಣುಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅದು ರಕ್ತಕ್ಕೆ ಹಿಂದಿರುಗಿ, ಯಕೃತ್ತಿನಲ್ಲಿ ಮತ್ತೆ ಯೂರಿಯಾ ಆಗುತ್ತದೆ. ಹೊರಗೆ ಹೋಗಬೇಕಾದದ್ದು ಒಳಗೇ ಸುತ್ತುತ್ತದೆ. ಅಷ್ಟೇ ಅಲ್ಲದೆ ಅಮೋನಿಯಾದಿಂದ ಕರುಳಿನ ಒಳಪದರದ ಕೋಶಗಳ ನಡುವಿನ ಬಿಗಿ ಸಡಿಲವಾಗಿ, ಒಳಗಿನ ಕೊಳೆ ರಕ್ತಕ್ಕೆ ಜಿನುಗಲು ದಾರಿಯಾಗುತ್ತದೆ. ನಾರು ಸಾಕಷ್ಟಿದ್ದರೆ ಸೂಕ್ಷ್ಮಾಣುಗಳು ಅದನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ತಯಾರಿಸುತ್ತವೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಲ್ಲಿನಿಂದ ತಯಾರಾಗುವುದೂ ಇವೇ ಆಮ್ಲಗಳು. ಬ್ಯುಟಿರಿಕ್ ಆಮ್ಲವು ದೊಡ್ಡ ಕರುಳಿನ ಒಳಪದರಕ್ಕೆ ಮುಖ್ಯ ಆಹಾರ. ಜೊತೆಗೆ ಸಾರಜನಕದ ಒಂದು ಪಾಲು ಸೂಕ್ಷ್ಮಾಣುಗಳ ಮೈಯಲ್ಲಿ ಸೇರಿ ಮಲದ ಮೂಲಕ ಹೊರಗೆ ಹೋಗುತ್ತದೆ. ಮೂತ್ರಪಿಂಡದ ಹೊರೆಯಲ್ಲಿ ಸ್ವಲ್ಪವನ್ನು ಕರುಳು ಹೊತ್ತಂತಾಯಿತು.

ಇನ್ನೊಂದು ಮುಖ್ಯ ಸಂಗತಿ ಇದೆ. ನಾರಿನ ಕೊರತೆಯಾದಾಗ ಸೂಕ್ಷ್ಮಾಣುಗಳು ಸಸಾರಜನಕವನ್ನು ಕೊಳೆಸಿ ಪ್ಯಾರಾಕ್ರೆಸಾಲ್ ಮತ್ತು ಇಂಡೋಲ್ ಎಂಬ ವಸ್ತುಗಳನ್ನು ಹೆಚ್ಚಾಗಿ ಉಂಟುಮಾಡುತ್ತವೆ. ದನದ ಕೊಟ್ಟಿಗೆಯ ವಾಸನೆಯಲ್ಲಿ ಪ್ಯಾರಾಕ್ರೆಸಾಲ್‌ದು ದೊಡ್ಡ ಪಾಲು. ಯಕೃತ್ತಿನಲ್ಲಿ ಇವು ಪ್ಯಾರಾಕ್ರೆಸಿಲ್ ಸಲ್ಫೇಟ್ ಮತ್ತು ಇಂಡಾಕ್ಸಿಲ್ ಸಲ್ಫೇಟ್ ಆಗಿ ಬದಲಾಗುತ್ತವೆ. ಆರೋಗ್ಯವಂತರಲ್ಲಿ ಮೂತ್ರಪಿಂಡಗಳು ಇವನ್ನು ಹೊರಹಾಕುತ್ತವೆ. ರೋಗಿಗಳಲ್ಲಿ ಇವು ರಕ್ತದಲ್ಲಿ ಸೇರಿಕೊಳ್ಳುತ್ತ ಹೋಗುತ್ತವೆ. ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್ ಯಂತ್ರವೂ ಇವನ್ನು ಚೆನ್ನಾಗಿ ತೆಗೆಯಲಾರದು. ರಕ್ತನಾಳಗಳಿಗೂ, ಉಳಿದಿರುವ ಮೂತ್ರಪಿಂಡದ ಭಾಗಕ್ಕೂ ಇವು ಕೇಡು ಮಾಡುತ್ತವೆಂದು ಪ್ರಯೋಗಗಳು ಸೂಚಿಸಿವೆ. ಮಲಬದ್ಧತೆ ಇದ್ದಷ್ಟೂ ಕೊಳೆಯುವುದಕ್ಕೆ ಸಮಯ ಹೆಚ್ಚು ಸಿಗುತ್ತದೆ.

ಸಂಶೋಧನೆಗಳಿಂದ ತಿಳಿದುಬಂದದ್ದು

ಈ ವಿಷಗಳು ಕರುಳಿನಿಂದಲೇ ಬರುತ್ತವೆ ಎಂಬುದಕ್ಕೆ ಸ್ಪಷ್ಟವಾದ ಪುರಾವೆ 2011ರಲ್ಲಿ ಅಮೆರಿಕದಿಂದ ಬಂದಿತು. ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಕರುಳನ್ನು ತೆಗೆದುಹಾಕಿದ್ದ ಡಯಾಲಿಸಿಸ್ ರೋಗಿಗಳ ರಕ್ತವನ್ನು ಕರುಳು ಇರುವ ರೋಗಿಗಳ ರಕ್ತದೊಡನೆ ಹೋಲಿಸಿ ನೋಡಲಾಯಿತು. ಕರುಳಿಲ್ಲದವರ ರಕ್ತದಲ್ಲಿ ಈ ಎರಡೂ ಸಲ್ಫೇಟುಗಳು ಬಹಳ ಕಡಿಮೆ ಇದ್ದವು.

1996ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮಿತ ಸಸಾರಜನಕದ ಪಥ್ಯದಲ್ಲಿದ್ದ ಮೂತ್ರಪಿಂಡದ ರೋಗಿಗಳಿಗೆ ಅರಬ್ಬೀ ಗೋಂದನ್ನು ನಾರಿನ ರೂಪದಲ್ಲಿ ಕೊಡಲಾಯಿತು. ಅದು ಜಾಲಿಯ ಜಾತಿಗೆ ಸೇರಿದ ಮರದ ಅಂಟು. ಮಲದಲ್ಲಿ ಹೋಗುವ ಸಾರಜನಕ ಹೆಚ್ಚಿ, ರಕ್ತದ ಯೂರಿಯಾ ಸಾರಜನಕ ಇಳಿಯಿತು. ನಮ್ಮ ತಿಪ್ಪೆಗುಂಡಿಯ ಲೆಕ್ಕ ಮನುಷ್ಯನಲ್ಲಿಯೂ ಸರಿಹೋಯಿತು. 2014ರಲ್ಲಿ ಡಯಾಲಿಸಿಸ್ ರೋಗಿಗಳಿಗೆ ಆರು ವಾರ ಜೀರ್ಣವಾಗದ ಪಿಷ್ಟವನ್ನು ಕೊಟ್ಟಾಗ ರಕ್ತದ ಇಂಡಾಕ್ಸಿಲ್ ಸಲ್ಫೇಟ್ ಕಡಿಮೆಯಾಯಿತು.

ಆದರೆ ಇವೆಲ್ಲ ಸಣ್ಣ ಪ್ರಯೋಗಗಳು ಎಂಬುದನ್ನು ಮರೆಯಬಾರದು. ನಾರು ತಿಂದರೆ ಕೆಟ್ಟ ಮೂತ್ರಪಿಂಡ ಮತ್ತೆ ಸರಿಯಾಗುತ್ತದೆ ಎಂದು ಯಾವ ಸಂಶೋಧನೆಯೂ ತೋರಿಸಿಲ್ಲ. ಒಳ್ಳೆಯ ಸೂಕ್ಷ್ಮಾಣುಗಳೆಂದು ಮಾರುವ ಪುಡಿ, ಮಾತ್ರೆಗಳ ಫಲಿತಾಂಶವೂ ಮಿಶ್ರವಾಗಿದೆ. ಬೀಜೋಪಚಾರಕ್ಕೆ ರೈಜೋಬಿಯಂ ತಂದು ಹಾಕಿದರೂ ಮಣ್ಣು ಬರಡಾಗಿದ್ದರೆ ಅದು ಉಳಿಯುವುದಿಲ್ಲ. ಹಾಗೆಯೇ ಹೊರಗಿನಿಂದ ಸೂಕ್ಷ್ಮಾಣು ತಂದು ನುಂಗುವ ಮೊದಲು ಒಳಗಿರುವವಕ್ಕೆ ಸರಿಯಾದ ಮೇವು ಕೊಡುವುದು ಮುಖ್ಯ.

ರಾಗಿ ಮತ್ತು ರಂಜಕ

ಈಗ ಮುದ್ದೆಯ ವಿಷಯಕ್ಕೆ ಬರೋಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸಸಾರಜನಕ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, 7ರಿಂದ 8 ಗ್ರಾಂ. ಆದುದರಿಂದ ಕರುಳಿನ ಇಂಗಾಲ-ಸಾರಜನಕದ ಲೆಕ್ಕದಲ್ಲಿ ರಾಗಿಯೇ ಮೇಲು.

ರಾಗಿಯಲ್ಲಿ ರಂಜಕ ಅಕ್ಕಿಗಿಂತ ಹೆಚ್ಚು ಎಂಬುದು ನಿಜ. ಆದರೆ ಧಾನ್ಯ, ಬೇಳೆಗಳ ರಂಜಕದಲ್ಲಿ ಬಹುಪಾಲು ಫೈಟೇಟ್ ರೂಪದಲ್ಲಿ ಕಟ್ಟಿಹಾಕಿದಂತೆ ಇರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಕಿಣ್ವ ನಮ್ಮ ಕರುಳಿನಲ್ಲಿ ಸಾಕಷ್ಟಿಲ್ಲ. ಕೋಳಿ ಸಾಕುವವರು ಆಹಾರಕ್ಕೆ ಫೈಟೇಸ್ ಬೆರೆಸುವುದು ಈ ಕಾರಣದಿಂದಲೇ. ಕೋಳಿಗೆ ಅನನುಕೂಲವಾದದ್ದು ಮೂತ್ರಪಿಂಡದ ರೋಗಿಗೆ ಅನುಕೂಲ. 2011ರ ಒಂದು ಪ್ರಯೋಗದಲ್ಲಿ ರೋಗಿಗಳಿಗೆ ಅಷ್ಟೇ ರಂಜಕವನ್ನು ಒಂದು ವಾರ ಮಾಂಸ-ಹಾಲಿನ ಮೂಲಕ, ಇನ್ನೊಂದು ವಾರ ಧಾನ್ಯ-ಕಾಳುಗಳ ಮೂಲಕ ಕೊಟ್ಟು ನೋಡಿದಾಗ, ಧಾನ್ಯದ ವಾರದಲ್ಲಿ ರಕ್ತದ ರಂಜಕ ಕಡಿಮೆ ಇತ್ತು. ಹೆಚ್ಚು ಕೆಡುಕು ಮಾಡುವುದು ಕೋಲಾ ಪಾನೀಯ, ಡಬ್ಬಿಯ ಮಾಂಸ, ಸಿದ್ಧ ತಿಂಡಿಗಳಿಗೆ ಬೆರೆಸುವ ಫಾಸ್ಫೇಟ್. ಅದು ಬಹುತೇಕ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ.

ಒಂದು ಎಚ್ಚರಿಕೆ. ಮೊಳಕೆ ಕಟ್ಟಿದಾಗ ಮತ್ತು ಹುಳಿ ಬಂದಾಗ ಫೈಟೇಟ್ ಒಡೆಯುತ್ತದೆ. ಆದ್ದರಿಂದ ಮೊಳಕೆ ರಾಗಿಯ ಹಿಟ್ಟು ಮಗುವಿಗೆ ಶ್ರೇಷ್ಠ. ರಂಜಕ ಹೆಚ್ಚಿರುವ ರೋಗಿಗೆ ಸಾದಾ ಹಿಟ್ಟಿನ ಮುದ್ದೆಯೇ ಸಾಕು. ಹಿಟ್ಟನ್ನು ನುಣ್ಣಗಿನ ಜರಡಿಯಲ್ಲಿ ಹಿಡಿದು ಹೊಟ್ಟನ್ನು ಚೆಲ್ಲಬೇಡಿ. ರಾಗಿಯಲ್ಲಿ ಸುಣ್ಣದ ಅಂಶವೂ ಹೆಚ್ಚು. ಸುಣ್ಣದ ಮಾತ್ರೆ ನುಂಗುತ್ತಿರುವವರು ಮುದ್ದೆ ತಿನ್ನುವ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಪೊಟ್ಯಾಷ್ ಮತ್ತು ನಮ್ಮ ಬಸ್ಸಾರು

ನಾನು ಎಡವಿದ್ದು ಇಲ್ಲಿಯೇ. ಸೊಪ್ಪು, ಕಾಳುಗಳನ್ನು ನೀರಿನಲ್ಲಿ ಬೇಯಿಸಿದಾಗ ಪೊಟ್ಯಾಷಿಯಂ ನೀರಿಗೆ ಇಳಿಯುತ್ತದೆ, ನಾರು ಬಹುಮಟ್ಟಿಗೆ ಸೊಪ್ಪಿನಲ್ಲೇ ಉಳಿಯುತ್ತದೆ. ಬಸ್ಸಾರಿನಲ್ಲಿ ನಾವು ಮಾಡುವುದೇನು? ಬೆಂದ ಸೊಪ್ಪನ್ನು ಬಸಿದು ಪಲ್ಯ ಮಾಡುತ್ತೇವೆ, ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು ಕಾಯಿಸುತ್ತೇವೆ. ಮನೆಮಂದಿಗೆಲ್ಲ ಅದು ಒಳ್ಳೆಯ ಪದ್ಧತಿ. ಏನೂ ನಷ್ಟವಾಗುವುದಿಲ್ಲ. ಆದರೆ ಪೊಟ್ಯಾಷಿಯಂ ಹೆಚ್ಚಿರುವ ರೋಗಿಗೆ ಆ ಸಾರು ಗೊಬ್ಬರದ ನೀರು ಇದ್ದಂತೆ. ಆಸ್ಪತ್ರೆಯ ಪಥ್ಯತಜ್ಞೆ ದೊಡ್ಡಮ್ಮನಿಗೆ ಹೇಳಿದ್ದು ಒಂದೇ ಮಾತು: ‘ಪಲ್ಯ ಅವರಿಗೆ, ಸಾರು ನಿಮಗೆ.’ ಆ ಮನೆಯಲ್ಲಿ ಬಸ್ಸಾರು ನಿಲ್ಲಲಿಲ್ಲ. ಬಡಿಸುವ ಕ್ರಮ ಮಾತ್ರ ಬದಲಾಯಿತು.

ಆಲೂಗೆಡ್ಡೆಯನ್ನು ಚಿಕ್ಕ ಹೋಳು ಮಾಡಿ, ಹೆಚ್ಚು ನೀರಿನಲ್ಲಿ ಕುದಿಸಿ ಬಸಿದರೆ ಪೊಟ್ಯಾಷಿಯಂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಣ್ಣೀರಿನಲ್ಲಿ ಬರೀ ನೆನೆಸಿಟ್ಟರೆ ಅಷ್ಟು ಪ್ರಯೋಜನವಿಲ್ಲ. ಕುದಿಯಬೇಕು, ನೀರು ಚೆಲ್ಲಬೇಕು. ಅವರೆ, ಅಲಸಂದೆ, ಹುರುಳಿಗೂ ಇದೇ ಕ್ರಮ. ಹುರುಳಿ ಬೇಯಿಸಿದ ನೀರು ಮೂತ್ರಪಿಂಡಕ್ಕೆ ಔಷಧಿ ಎಂದು ನಮ್ಮ ಕಡೆ ನಂಬಿಕೆ ಇದೆ. ಮೂತ್ರಪಿಂಡದ ಕೆಲಸ ಕುಗ್ಗಿದವರು ಅದನ್ನು ಲೋಟಗಟ್ಟಲೆ ಕುಡಿಯುವುದು ಅಪಾಯ. ಇದುಕಿದ ಅವರೆಬೇಳೆಯ ರುಚಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದುಕಿ ತೆಗೆದ ಸಿಪ್ಪೆಯೊಡನೆ ನಾರಿನ ದೊಡ್ಡ ಪಾಲು ದನದ ಬಾನಿಗೆ ಹೋಗುತ್ತದೆ ಎಂಬುದು ನೆನಪಿರಲಿ.

ಎಳನೀರಿನಲ್ಲಿ ನೂರು ಮಿಲಿಲೀಟರಿಗೆ 200ರಿಂದ 250 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ. ಅರ್ಧ ಮುದ್ದೆಗೆ ಬೇಕಾಗುವ 50 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 220 ಮಿಲಿಗ್ರಾಂ. ಅಂದರೆ 300 ಮಿಲಿಲೀಟರಿನ ಒಂದು ಎಳನೀರು ಮೂರು ಅರ್ಧ ಮುದ್ದೆಗಳಿಗೆ ಸಮ, ಅದರಲ್ಲಿ ನಾರೂ ಇಲ್ಲ. ನಮ್ಮ ಜಿಲ್ಲೆಗೆ ಹೆಸರು ತಂದ ಟೊಮೇಟೊ, ಬಾಳೆಹಣ್ಣು ಇವುಗಳನ್ನೂ ರಕ್ತ ಪರೀಕ್ಷೆಯ ಅಂಕಿ ನೋಡಿಕೊಂಡು ತಿನ್ನಬೇಕು. ಕಮರಾಕ್ಷಿ ಹಣ್ಣನ್ನಂತೂ ಮೂತ್ರಪಿಂಡದ ರೋಗಿಗಳು ಮುಟ್ಟಲೇಬಾರದು. ಅದು ಮಿದುಳಿಗೆ ವಿಷ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ಇರುತ್ತದೆ. ಅದು ನೀವು ಹೊಲಕ್ಕೆ ಹಾಕುವ ಮ್ಯುರೇಟ್ ಆಫ್ ಪೊಟ್ಯಾಷ್‌ನಲ್ಲಿ ಇರುವ ರಾಸಾಯನಿಕವೇ. ಸಾದಾ ಉಪ್ಪನ್ನೇ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಮೀರದಂತೆ ಬಳಸಿ.

ಸಸಾರಜನಕ ಎಷ್ಟು?

ಇದು ಎಲ್ಲ ರೋಗಿಗಳಿಗೂ ಒಂದೇ ಅಲ್ಲ. ಕಾಯಿಲೆ ಮುಂದುವರಿದಿದ್ದು ಡಯಾಲಿಸಿಸ್ ಇನ್ನೂ ಆರಂಭವಾಗದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಸಾಕೆಂದು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 50 ಕಿಲೋ ತೂಗುವವರಿಗೆ ಇದು 40 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಚಿಕಿತ್ಸೆಯಲ್ಲೇ ಸ್ವಲ್ಪ ನಷ್ಟವಾಗುವುದರಿಂದ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ಆಗಲೂ ಹಳೆಯ ಪಥ್ಯವನ್ನೇ ಹಿಡಿದರೆ ರೋಗಿ ಸೊರಗುತ್ತಾನೆ. ಹಸುವಿಗೆ ಹಾಲು ಕರೆಯುವಾಗ ಒಂದು ಮೇವು, ಬತ್ತಿದಾಗ ಒಂದು ಮೇವು ಕೊಡುವುದಿಲ್ಲವೇ? ಹಾಗೆಯೇ ಇದು.

ನಾರನ್ನು ಒಂದೇ ದಿನಕ್ಕೆ ಹೆಚ್ಚಿಸಬಾರದು. ಬರೀ ಅನ್ನಕ್ಕೆ ಒಗ್ಗಿದ ಕರುಳಿಗೆ ಕಾಲು ಮುದ್ದೆಯಿಂದ ಶುರು ಮಾಡಿ ಎರಡು ಮೂರು ವಾರಗಳಲ್ಲಿ ಏರಿಸಬೇಕು. ಇಲ್ಲವಾದರೆ ಹೊಟ್ಟೆ ಉಬ್ಬರ ಬರುತ್ತದೆ. ನೀರಿಗೆ ಮಿತಿ ಇರುವವರು ಅಂಬಲಿ, ಮಜ್ಜಿಗೆಯನ್ನೂ ನೀರಿನ ಲೆಕ್ಕಕ್ಕೆ ಸೇರಿಸಬೇಕು.

ಗಣಿಯಲ್ಲಿ ದುಡಿದವರಿಗೆ ಒಂದು ಮಾತು

ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ನೆಲದಡಿಯಲ್ಲಿ ಬಂಡೆ ಕೊರೆದವರಿದ್ದೀರಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾಡುವ ಕೇಡು ನಿಮಗೆ ಗೊತ್ತು. ಆ ಧೂಳಿನಲ್ಲಿ ದುಡಿದವರಿಗೆ ಮೂತ್ರಪಿಂಡದ ಕಾಯಿಲೆಯೂ ಹೆಚ್ಚು ಎಂದು ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇರುವವರು, ಗಣಿಯಲ್ಲಿ ದುಡಿದವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ಬಿಡಿ. ಮಣ್ಣು ಪರೀಕ್ಷೆ ಇಲ್ಲದೆ ಗೊಬ್ಬರ ಹಾಕಬೇಡಿ ಎಂದು ನಾವು ಹೇಳುವುದಿಲ್ಲವೇ? ರಕ್ತ ಪರೀಕ್ಷೆ ಇಲ್ಲದೆ ಪಥ್ಯ ಹಿಡಿಯಬೇಡಿ ಎಂಬುದೂ ಅದೇ ಮಾತು.

ಸಾರಾಂಶ

1. ವೈದ್ಯರು ಮಿತಿ ಹೇಳಿದ್ದನ್ನು ಪೂರ್ತಿ ನಿಷೇಧವೆಂದು ತಿಳಿಯಬೇಡಿ. ಯಾವುದು, ಎಷ್ಟು ಎಂದು ಕೇಳಿ ಬರೆದುಕೊಳ್ಳಿ.
2. ರೋಗಿಯ ತಟ್ಟೆಯಿಂದ ನಾರನ್ನು ತೆಗೆದುಹಾಕಬೇಡಿ. ಪರೀಕ್ಷೆಯ ಅಂಕಿ ಅನುಮತಿಸಿದರೆ ದಿನಕ್ಕೊಂದು ಹೊತ್ತು ಸಣ್ಣ ಮುದ್ದೆ ಇರಲಿ.
3. ಸೊಪ್ಪು, ಕಾಳು, ಗೆಡ್ಡೆಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯಿರಿ. ರೋಗಿಗೆ ಪಲ್ಯ, ಉಳಿದವರಿಗೆ ಸಾರು.
4. ಎಳನೀರು, ಹಣ್ಣಿನ ರಸ, ಹುರುಳಿಯ ನೀರು, ಪೊಟ್ಯಾಷಿಯಂ ಬೆರೆತ ಉಪ್ಪು ಇವುಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ.
5. ಮಲಬದ್ಧತೆಯನ್ನು ಅಲಕ್ಷಿಸಬೇಡಿ. ವೈದ್ಯರಿಗೆ ತಿಳಿಸಿ.
6. ಕಾಲುಗಳಲ್ಲಿ ಬಲವಿಲ್ಲದಂತಾದರೆ, ಎದೆಬಡಿತ ಏರುಪೇರಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ನಮ್ಮ ದೊಡ್ಡಪ್ಪ ಈಗ ಇಲ್ಲ. ಕಾಯಿಲೆ ತನ್ನ ದಾರಿಯನ್ನು ಹಿಡಿದೇ ಹಿಡಿಯಿತು. ಕೊನೆಯ ಎರಡು ವರ್ಷ ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹೋಗಿಬರುತ್ತಿದ್ದರು. ಆದರೆ ಆಸ್ಪತ್ರೆಯಿಂದ ಬಂದ ದಿನದಿಂದ ಕೊನೆಯವರೆಗೂ ರಾತ್ರಿ ಅರ್ಧ ಮುದ್ದೆ, ಬಸಿದ ಸೊಪ್ಪಿನ ಪಲ್ಯ ಉಂಡರು. ಪೊಟ್ಯಾಷಿಯಂ ಮತ್ತೆ ಆ ಮಟ್ಟಕ್ಕೆ ಏರಲಿಲ್ಲ. ಹೊಟ್ಟೆ ಸಲೀಸಾಯಿತು. ‘ಈಗ ಊಟ ಮಾಡಿದ ಹಾಗಾಯಿತು’ ಎಂದು ಅವರು ಕೈ ತೊಳೆಯುತ್ತಿದ್ದದ್ದು ನನ್ನ ಕಿವಿಯಲ್ಲಿದೆ. ಅರ್ಧ ತಿಳಿದು ಸಲಹೆ ಕೊಟ್ಟ ನನ್ನ ತಪ್ಪು ನಿಮ್ಮ ಮನೆಗಳಲ್ಲಿ ಆಗದಿರಲಿ.